ಮಹಾರಾಜ ಕಾಲೇಜಿಗೆ ಮರಳಿ ಎರಡು ದಿನ: ಹಳೆಯ ವಿದ್ಯಾರ್ಥಿಗಳ ಸಮ್ಮಿಲನಕ್ಕೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಇಪ್ಪತ್ತೈದು ಮೂವತ್ತು ವರ್ಷಗಳ ಮೇಲೆ ಒಂದು ಶನಿವಾರ ಮತ್ತು ಭಾನುವಾರವನ್ನು ಮತ್ತೆ ಅಲ್ಲಿ ಕಳೆಯಬೇಕೆಂದು ಹೊರಡುವ ಸಹಪಾಠಿಗಳ ತಂಡಕ್ಕಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಬೇರೆ ಕಾಲೇಜುಗಳವರೂ ಇದರ ಬಹುಭಾಗವನ್ನು ಬಳಸಿಕೊಳ್ಳಬಹುದು. ಈಚಿನ ವರ್ಷಗಳಲ್ಲಿ ಇಂಥ ಸಮ್ಮಿಲನಗಳು ಊರ ಹೊರಗಿನ ರೆಸಾರ್ಟೊಂದರಲ್ಲಿ ನಡೆದು, ಕಾಲೇಜಿನ ಮುಂದೆ ನಿಂತು ತೆಗೆಸಿಕೊಂಡ ಒಂದು ಗುಂಪು ಚಿತ್ರದಲ್ಲಿ ಕಾಲೇಜಿನ ಪಾತ್ರ ಮುಗಿದುಹೋಗುವುದನ್ನು ಕಾಣುತ್ತಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಎರಡು ದಿನಗಳ ಹೆಚ್ಚಿನ ಹೊತ್ತು ಕಾಲೇಜಿನ ಆವರಣದಲ್ಲಿಯೇ, ಅಲ್ಲಿ ಕಲಿಸಿದವರು, ಕಚೇರಿ ನಡೆಸಿದವರು ಮತ್ತು ಈಗ ಅಲ್ಲಿ ಓದುತ್ತಿರುವವರ ಜೊತೆಯಲ್ಲಿ ಕಳೆಯಬೇಕು. ಮುಂದೆ ಹೇಳುವ ಎಲ್ಲ ಸಿದ್ಧತೆಯೂ ಈ ನಿಲುವಿನಿಂದಲೇ ಹೊರಟದ್ದು.

ದಿನಾಂಕವನ್ನು ಆರಿಸುವುದು

ಕನಿಷ್ಠ ಆರು ತಿಂಗಳು ಮೊದಲೇ ದಿನಾಂಕ ನಿಗದಿಯಾಗಬೇಕು. ರಾಜ್ಯ ಸರ್ಕಾರದ ಕಚೇರಿಗಳಿಗೆ ಎರಡನೆಯ ಶನಿವಾರದ ಜೊತೆಗೆ 2019ರಿಂದ ನಾಲ್ಕನೆಯ ಶನಿವಾರವೂ ರಜೆಯಾಗಿದೆ. ಅಂಥ ಶನಿವಾರ ಹೋದರೆ ಗ್ರಂಥಾಲಯಕ್ಕೆ ಬೀಗ ಹಾಕಿರಬಹುದು, ಕಚೇರಿಯಲ್ಲಿ ಯಾರೂ ಇಲ್ಲದಿರಬಹುದು, ವಿದ್ಯಾರ್ಥಿಗಳಿಲ್ಲದ ಖಾಲಿ ಕಾರಿಡಾರುಗಳಷ್ಟೇ ಕಾಣಸಿಗಬಹುದು. ಆದ್ದರಿಂದ ತಿಂಗಳ ಮೊದಲನೆಯ ಅಥವಾ ಮೂರನೆಯ ಶನಿವಾರವನ್ನು ಆರಿಸಿರಿ. ಮಧ್ಯಾಹ್ನದವರೆಗಾದರೂ ತರಗತಿಗಳು ನಡೆಯುತ್ತಿರುವ ಕಾಲೇಜನ್ನು ನೋಡಬಹುದು. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಮಾತ್ರ ಸರ್ವಥಾ ಬೇಡ. ಆ ವರ್ಷದ ಶೈಕ್ಷಣಿಕ ವೇಳಾಪಟ್ಟಿಯನ್ನು ಪ್ರಾಂಶುಪಾಲರ ಕಚೇರಿಯಿಂದಲೇ ಕೇಳಿ ಪಡೆಯಿರಿ, ಏಕೆಂದರೆ ನಾವು ಓದಿದ ಕಾಲದ ಜೂನ್–ಮಾರ್ಚ್ ಲೆಕ್ಕ ಈಗ ನಡೆಯುವುದಿಲ್ಲ.

ದಸರಾ ಹತ್ತು ದಿನಗಳು ಮತ್ತು ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಮೈಸೂರಿನಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅಮೆರಿಕ ಮತ್ತು ಯುರೋಪಿನಲ್ಲಿ ನೆಲೆಸಿದ ಸಹಪಾಠಿಗಳು ಸಾಮಾನ್ಯವಾಗಿ ಡಿಸೆಂಬರಿನ ಕೊನೆಯಲ್ಲಿಯೇ ಊರಿಗೆ ಬರುವುದರಿಂದ ಇಲ್ಲೊಂದು ಇಕ್ಕಟ್ಟಿದೆ. ಡಿಸೆಂಬರಿನ ಮೂರನೆಯ ಶನಿವಾರ ಅಥವಾ ಜನವರಿಯ ಮೊದಲನೆಯ ಶನಿವಾರ ಹಲವರಿಗೆ ಒಪ್ಪಿಗೆಯಾದೀತು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು ಎಂಬ ಕಾರಣಕ್ಕೆ ಕೆಲವರಿಗೆ ಜುಲೈ ತಿಂಗಳ ಮೇಲೆ ಒಲವಿರುತ್ತದೆ. ಅದು ಒಳ್ಳೆಯ ಕಾರಣವೇ, ಆದರೆ ಮಳೆಗಾಲದಲ್ಲಿ ಎಂಬತ್ತು ದಾಟಿದ ಗುರುಗಳನ್ನು ಮನೆಯಿಂದ ಕರೆತರುವ ಕಷ್ಟವನ್ನೂ ಯೋಚಿಸಿ ತೀರ್ಮಾನಿಸಿರಿ.

ಕಾಲೇಜಿನ ಒಪ್ಪಿಗೆ

ಮಹಾರಾಜ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯವೇ ನಡೆಸುವ ಘಟಕ ಕಾಲೇಜು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಆರಂಭಿಸಿದ ಇಂಗ್ಲಿಷ್ ಶಾಲೆಯೇ ಮುಂದೆ ಬೆಳೆದು ಈ ಕಾಲೇಜಾಯಿತು. ಅದರ ಕಟ್ಟಡಗಳು ನಗರದ ಪಾರಂಪರಿಕ ಆಸ್ತಿ. ಹೀಗಾಗಿ ಪರಿಚಿತ ಉಪನ್ಯಾಸಕರೊಬ್ಬರಿಗೆ ಫೋನು ಮಾಡಿ ಹೇಳಿದ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿರಿ. ಮನವಿಯಲ್ಲಿ ಓದಿದ ವರ್ಷಗಳು, ಬರುವವರ ಅಂದಾಜು ಸಂಖ್ಯೆ, ಬೇಕಾದ ಕೊಠಡಿಗಳು, ಪ್ರತಿಯೊಂದರ ಬಳಕೆಯ ವೇಳೆ, ಊಟ ಬಡಿಸುವ ಜಾಗ, ವಾಹನ ನಿಲುಗಡೆ, ಸ್ವಚ್ಛತೆಯ ಹೊಣೆ ಹೊರುವ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆ ಇಷ್ಟೂ ಇರಲಿ. ಶತಮಾನೋತ್ಸವ ಸಭಾಂಗಣದಂಥ ದೊಡ್ಡ ಜಾಗ ಬೇಕೆಂದಾದರೆ ಬಾಡಿಗೆ, ಠೇವಣಿ ಮತ್ತು ಮೇಲಿನ ಮಂಜೂರಾತಿ ಎಲ್ಲಿಂದ ಬರಬೇಕೆಂಬುದನ್ನು ಆಗಲೇ ವಿಚಾರಿಸಿರಿ.

ಧ್ವನಿವರ್ಧಕದ ವಿಷಯದಲ್ಲಿ ಎಚ್ಚರ ಬೇಕು. ಶಬ್ದಮಾಲಿನ್ಯ ಕುರಿತ 2000ದ ನಿಯಮಗಳ ಪ್ರಕಾರ ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಜಾಗವನ್ನು ರಾಜ್ಯ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಭೆಯನ್ನು ಕೊಠಡಿಯೊಳಗೇ ಇಟ್ಟುಕೊಂಡು, ಒಳಗಿನವರಿಗೆ ಕೇಳಿಸುವಷ್ಟು ಧ್ವನಿಗೆ ಸೀಮಿತಗೊಳಿಸಿದರೆ ಸಾಕು. ಹಾಗೆಯೇ 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟಗಳಿಗೆ ನಿಷೇಧವಿದೆ. ಬಟ್ಟೆಯ ಮೇಲೆ ಬರೆಸಿದ ಒಂದೇ ಒಂದು ಫಲಕವನ್ನು ಕಂಬಕ್ಕೆ ಕಟ್ಟಿರಿ. ಹಳೆಯ ಗೋಡೆಗೆ ಮೊಳೆ ಹೊಡೆಯಬೇಡಿರಿ, ಅಂಟುಪಟ್ಟಿ ಹಚ್ಚಬೇಡಿರಿ. ಊಟಕ್ಕೆ ಬಾಳೆಲೆ ಅಥವಾ ಮುತ್ತುಗದೆಲೆ, ನೀರಿಗೆ ಸ್ಟೀಲ್ ಲೋಟ ಇದ್ದರೆ ಕಸದ ಪ್ರಶ್ನೆಯೂ ಬಹುಮಟ್ಟಿಗೆ ಬಗೆಹರಿಯುತ್ತದೆ.

ಸಹಪಾಠಿಗಳನ್ನು ಹುಡುಕುವುದು

ಇಡೀ ಕಾರ್ಯದಲ್ಲಿ ಅತ್ಯಂತ ಕಷ್ಟದ ಮತ್ತು ಅತ್ಯಂತ ಬೆಲೆಯುಳ್ಳ ಕೆಲಸ ಇದು. ವಾಟ್ಸ್ಆ್ಯಪ್ ಗುಂಪಿನಲ್ಲಿರುವವರೇ ನಮ್ಮ ಬ್ಯಾಚ್ ಎಂದು ಭಾವಿಸಿದರೆ ತರಗತಿಯ ಅರ್ಧದಷ್ಟು ಜನ ಹೊರಗುಳಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಗೆ ಮರಳಿ ಬೇಸಾಯ ಹಿಡಿದವರು, ಪದವಿ ಪೂರ್ಣಗೊಳಿಸದೆ ಹೋದವರು, ಮದುವೆಯಾಗಿ ಊರು ಮತ್ತು ಹೆಸರು ಬದಲಾದ ಹೆಣ್ಣುಮಕ್ಕಳು. ನಿಜವಾದ ಸಮ್ಮಿಲನಕ್ಕೆ ಬೇಕಾದವರು ಇವರೇ.

ಮೊದಲು ಮೂಲ ಪಟ್ಟಿಯನ್ನು ಕಟ್ಟಿರಿ. ಆ ವರ್ಷದ ಪ್ರವೇಶ ದಾಖಲೆಯ ಪುಸ್ತಕವನ್ನು ನೋಡಲು ಕಾಲೇಜಿನ ಅನುಮತಿ ಕೇಳಿರಿ. ಹೆಸರು, ಊರು ಮತ್ತು ಐಚ್ಛಿಕ ವಿಷಯ ಗೊತ್ತಾದರೆ ಸಾಕು, ಜಾತಿ, ವರಮಾನ ಮುಂತಾದ ವಿವರಗಳನ್ನು ಬರೆದುಕೊಳ್ಳಬೇಡಿರಿ. ದಾಖಲೆ ಸಿಗದಿದ್ದರೆ ಐಚ್ಛಿಕ ವಿಷಯಗಳ ಗುಂಪಿನ ಮೇಲೆ ನಡೆಯಿರಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಎಚ್‌ಇಪಿ ವಿಭಾಗದಿಂದ ಒಬ್ಬರು, ಐಚ್ಛಿಕ ಕನ್ನಡದಿಂದ ಒಬ್ಬರು, ಮನಶ್ಶಾಸ್ತ್ರದಿಂದ ಒಬ್ಬರು ಹೀಗೆ ಪ್ರತಿ ಗುಂಪಿಗೊಬ್ಬರನ್ನು ಹೊಣೆಗಾರರನ್ನಾಗಿ ಮಾಡಿ, ನೆನಪಿರುವ ಹೆಸರುಗಳನ್ನೆಲ್ಲ ಕಾಗದದ ಮೇಲೆ ಬರೆಯಿಸಿರಿ. ಹಾಸ್ಟೆಲಿನವರಿಂದ ಪ್ರತ್ಯೇಕ ಪಟ್ಟಿ ಪಡೆಯಿರಿ. ಒಂದೇ ಕೋಣೆಯಲ್ಲಿದ್ದವರ ಊರು, ಅವರ ತಂದೆಯ ಹೆಸರು, ರಜೆಯಲ್ಲಿ ಹತ್ತುತ್ತಿದ್ದ ಬಸ್ಸು ಕೂಡ ಹಾಸ್ಟೆಲಿನವರಿಗೆ ನೆನಪಿರುತ್ತದೆ.

ನಮ್ಮಲ್ಲಿ ಹೆಸರಿನ ಮೊದಲ ಅಕ್ಷರಗಳೇ ಎಷ್ಟೋ ಬಾರಿ ಊರಿನ ದಾರಿ ತೋರಿಸುತ್ತವೆ. ಒಂದು ಅಕ್ಷರ ಊರಿನದು, ಇನ್ನೊಂದು ತಂದೆಯದು ಎಂಬ ರೂಢಿಯಿಂದಾಗಿ, ಕೆ.ಆರ್. ಪೇಟೆ ಅಥವಾ ಕೊಳ್ಳೇಗಾಲದ ಕಡೆಯ ಹಳ್ಳಿಯೊಂದರ ಹೆಸರು ಸಿಕ್ಕಿದರೆ ಅಲ್ಲಿನ ಶಾಲೆಯ ಮುಖ್ಯೋಪಾಧ್ಯಾಯರು, ಸಹಕಾರ ಸಂಘದ ಕಾರ್ಯದರ್ಶಿ ಅಥವಾ ಅಂಚೆ ವಿತರಕರ ಮೂಲಕ ವಿಚಾರಿಸಬಹುದು. ಅಂಥ ಹಳ್ಳಿಗಳಿಗೆ ಒಮ್ಮೆ ಯಾರಾದರೂ ಹೋಗಿಬರುವುದು ನೂರು ಸಂದೇಶಗಳಿಗಿಂತ ಮೇಲು. ಹೆಣ್ಣುಮಕ್ಕಳನ್ನು ಹುಡುಕುವಾಗ ಆ ಕಾಲದ ಗೆಳತಿಯರನ್ನೇ ಮುಂದಿಟ್ಟುಕೊಳ್ಳಿರಿ. ಅವರ ತವರಿನವರು ಸಹ ಫೋನ್ ಸಂಖ್ಯೆ ಕೊಡಲು ಹಿಂಜರಿಯಬಹುದು, ಆ ಹಿಂಜರಿಕೆಗೆ ಕಾರಣವೂ ಇರುತ್ತದೆ. ಸಂಖ್ಯೆ ಕೇಳುವ ಬದಲು ನಿಮ್ಮ ಸಂಖ್ಯೆಯನ್ನು ಅವರಿಗೆ ತಲುಪಿಸುವಂತೆ ಕೋರುವುದು ಸಭ್ಯವಾದ ದಾರಿ. ಸಂಗ್ರಹಿಸಿದ ವಿಳಾಸ ಮತ್ತು ಸಂಖ್ಯೆಗಳನ್ನು ಅವರವರ ಒಪ್ಪಿಗೆಯಿಲ್ಲದೆ ಗುಂಪಿನಲ್ಲಿ ಹರಡಬಾರದು.

ಬರಲು ಹಿಂದೆಮುಂದೆ ನೋಡುವವರು ಇದ್ದೇ ಇರುತ್ತಾರೆ. ಕೆಲಸ ಹೋಗಿರಬಹುದು, ಪದವಿ ಅರ್ಧಕ್ಕೆ ನಿಂತಿರಬಹುದು, ಮನೆಯಲ್ಲಿ ಸಾವಾಗಿರಬಹುದು. ಇಂಥವರಿಗೆ ಗುಂಪಿನಲ್ಲಿ ಬಹಿರಂಗವಾಗಿ ಒತ್ತಾಯ ಮಾಡದೆ, ಅಂದು ಅವರ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬರೇ ಮಾತನಾಡಲಿ. ಮೊದಲ ಸಂಭಾಷಣೆಯಲ್ಲಿ ‘ಈಗೇನು ಮಾಡುತ್ತಿದ್ದೀಯಾ’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿರಿ. ತಾನಾಗಿ ಹೇಳಿದರೆ ಕೇಳಿದರಾಯಿತು.

ತೀರಿಕೊಂಡವರ ಪಟ್ಟಿಯನ್ನು ಇಬ್ಬರು ಪ್ರತ್ಯೇಕವಾಗಿ ವಿಚಾರಿಸಿ ಖಚಿತಪಡಿಸಬೇಕು. ಬದುಕಿರುವವರ ಹೆಸರು ಶ್ರದ್ಧಾಂಜಲಿಯ ಪಟ್ಟಿಯಲ್ಲಿ ಬಂದರೆ ಆಗುವ ನೋವು ಸಣ್ಣದಲ್ಲ. ಅಗಲಿದ ಸಹಪಾಠಿಯ ಪತ್ನಿ, ಪತಿ ಅಥವಾ ಮಕ್ಕಳಿಗೂ ಆಹ್ವಾನ ಹೋಗಲಿ. ತಂದೆ ಅಥವಾ ತಾಯಿಯ ಇಪ್ಪತ್ತರ ವಯಸ್ಸಿನ ಬದುಕನ್ನು ಆ ಮಕ್ಕಳಿಗೆ ಹೇಳಬಲ್ಲವರು ಈ ಗೆಳೆಯರೇ.

ಹಣ

ಒಬ್ಬರ ಸ್ವಂತ ಖಾತೆಗೆ ಯುಪಿಐ ಮೂಲಕ ಹಣ ಬೀಳುವ ಏರ್ಪಾಡು ಬೇಡ. ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದ ಜಂಟಿ ಖಾತೆ ತೆರೆಯಿರಿ. ನೋಂದಣಿ ಶುಲ್ಕವನ್ನು ಊಟ, ಸಭಾಂಗಣ, ಗುರುಗಳ ವಾಹನ ಇವಿಷ್ಟಕ್ಕೆ ಬೇಕಾಗುವ ಮಟ್ಟಿಗೆ ಕಡಿಮೆ ಇಟ್ಟು, ಕಾಲೇಜಿಗೆ ಕೊಡುವ ಕಾಣಿಕೆಯನ್ನು ಬೇರೆಯಾಗಿಯೇ ಸಂಗ್ರಹಿಸಿರಿ. ಶುಲ್ಕ ಕೊಡಲಾಗದವರ ಪಾಲನ್ನು ಭರಿಸಲು ಕೆಲವರು ಮುಂದೆ ಬರುತ್ತಾರೆ. ಯಾರಿಂದ ಬಂತು, ಯಾರಿಗೆ ಹೋಯಿತು ಎಂಬುದು ಖಜಾಂಚಿಯೊಬ್ಬರಿಗಷ್ಟೇ ತಿಳಿದಿದ್ದರೆ ಸಾಕು. ಹೆಚ್ಚು ಕೊಟ್ಟವರ ಹೆಸರನ್ನು ವೇದಿಕೆಯಿಂದ ಓದುವ ಪದ್ಧತಿ ಕಡಿಮೆ ಕೊಟ್ಟವರನ್ನು ಮುಂದಿನ ಸಲ ದೂರವಿಡುತ್ತದೆ.

ಗುರುಗಳನ್ನು ಕಾಣುವುದು

ಗುರುವಂದನೆಯೆಂದರೆ ಶಾಲು, ಹಾರ, ಪೇಟ, ಫಲತಾಂಬೂಲ, ಫೋಟೊ ಎಂಬಷ್ಟಕ್ಕೆ ನಿಂತುಬಿಟ್ಟಿದೆ. ಈ ಕಾಲೇಜಿನಲ್ಲಿಯೇ ಇದಕ್ಕಿಂತ ಎತ್ತರದ ಮಾದರಿಯೊಂದಿದೆ. 1918ರಿಂದ ಇಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಸರ್ವೆಪಲ್ಲಿ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯ ಕುದುರೆಗಳನ್ನು ಬಿಚ್ಚಿ, ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು. ದುಡ್ಡು ಕೊಟ್ಟು ತರುವ ಸ್ಮರಣಿಕೆ ಅಲ್ಲಿರಲಿಲ್ಲ. ಸ್ವತಃ ಕೈಹಾಕಿ ಮಾಡಿದ ಗೌರವವಿತ್ತು. ಇಂದು ಅದಕ್ಕೆ ಸಮನಾದದ್ದು ಮೇಷ್ಟ್ರ ಮನೆಗೆ ನಾವೇ ಹೋಗಿ, ಕೈಹಿಡಿದು ಮೆಟ್ಟಿಲಿಳಿಸಿ, ಕರೆತಂದು, ಮತ್ತೆ ಮನೆ ತಲುಪಿಸುವುದು. ಬಾಡಿಗೆ ಕಾರಿನ ಚಾಲಕರೊಬ್ಬರನ್ನೇ ಕಳುಹಿಸಬಾರದು. ಪ್ರತಿ ಗುರುವಿಗೂ ಇಬ್ಬರು ಶಿಷ್ಯರನ್ನು ನಿಯೋಜಿಸಿ, ಆ ಇಬ್ಬರ ದಿನದ ಪೂರ್ತಿ ಕೆಲಸ ಅಷ್ಟೇ ಎಂದು ತಿಳಿಸಿರಿ. ಔಷಧಿಯ ವೇಳೆ, ಸಕ್ಕರೆ ಇಲ್ಲದ ಕಾಫಿ, ಹತ್ತಿರದ ಶೌಚಾಲಯ, ಗಾಳಿಯಾಡುವ ಜಾಗದಲ್ಲಿ ಕೈಗಳಿರುವ ಕುರ್ಚಿ, ಗಾಲಿಕುರ್ಚಿ ಹೋಗಬಲ್ಲ ದಾರಿ ಎಲ್ಲವನ್ನೂ ಅವರೇ ಹಿಂದಿನ ದಿನ ನೋಡಿಟ್ಟಿರಬೇಕು.

ಮನೆಯಿಂದ ಹೊರಡಲಾಗದ ಗುರುಗಳ ಬಳಿಗೆ ಶುಕ್ರವಾರ ಸಂಜೆಯೇ ಹೋಗಿರಿ. ಮನೆಯವರಿಗೆ ಫೋನು ಮಾಡಿ ಅನುಕೂಲದ ವೇಳೆ ಕೇಳಿ, ನಾಲ್ಕೈದು ಮಂದಿಗಿಂತ ಹೆಚ್ಚಾಗದಂತೆ ನೋಡಿಕೊಂಡು, ಅರ್ಧ ಗಂಟೆಯಲ್ಲಿ ಏಳಿರಿ. ಒಳಗೆ ಕಾಲಿಟ್ಟ ಕೂಡಲೇ ‘ನನ್ನ ಗುರುತು ಸಿಕ್ಕಿತೇ ಸರ್?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಸಾವಿರಾರು ಮಂದಿಗೆ ಪಾಠ ಹೇಳಿದ, ನೆನಪು ಮಾಸುತ್ತಿರುವ ಹಿರಿಯರಿಗೆ ಅದು ಪರೀಕ್ಷೆಯಾಗುತ್ತದೆ, ಉತ್ತರಿಸಲಾಗದಾಗ ಅವರಿಗೆ ಸಂಕಟವಾಗುತ್ತದೆ. ನಮಸ್ಕಾರ ಮಾಡಿ, ಹೆಸರು, ಊರು, ವರ್ಷ, ಅವರು ನಮಗೆ ಕಲಿಸಿದ ಪಾಠ ಇವನ್ನು ನಾವೇ ಹೇಳಬೇಕು: ‘ಮೇಷ್ಟ್ರೇ, ನಾನು ಮಳವಳ್ಳಿಯ ಹುಡುಗ, ಎರಡನೆಯ ವರ್ಷ ನಮಗೆ ನೀವು ಪಂಪನನ್ನು ಹೇಳಿದಿರಿ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ.’ ಅಷ್ಟಾದರೆ ಮುಂದಿನ ಮಾತು ಅವರಿಂದಲೇ ಹೊರಡುತ್ತದೆ. ಅವರು ಒಪ್ಪಿದರೆ ಫೋನನ್ನು ಮೇಜಿನ ಮೇಲಿಟ್ಟು ಮಾತನ್ನು ಧ್ವನಿಮುದ್ರಿಸಿಕೊಳ್ಳಿರಿ. ತಮ್ಮ ಗುರುಗಳ ಬಗ್ಗೆ, ತಾವು ಕೆಲಸಕ್ಕೆ ಸೇರಿದ ದಿನಗಳ ಬಗ್ಗೆ, ಆಗಿನ ವಿಭಾಗದ ವಾದವಿವಾದಗಳ ಬಗ್ಗೆ ಅವರು ಹೇಳುವುದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.

ಬೋಧಕರಷ್ಟೇ ಸಾಲದು. ಶುಲ್ಕ ತಡವಾದಾಗ ದಂಡವಿಲ್ಲದೆ ಕಟ್ಟಿಸಿಕೊಂಡ ಗುಮಾಸ್ತರು, ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ತೆಗೆದಿಟ್ಟ ಸಹಾಯಕರು, ಗಂಟೆ ಹೊಡೆಯುತ್ತಿದ್ದ ಜವಾನರು, ಹಾಸ್ಟೆಲಿನ ಅಡುಗೆಯವರು ಇವರನ್ನೂ ಅದೇ ಸಾಲಿನಲ್ಲಿ, ಅದೇ ಶಾಲು ಹೊದಿಸಿ ಕೂರಿಸಿರಿ. ನಿವೃತ್ತರಾದ ಅವರ ವಿಳಾಸ ಈಗಿನ ಕಚೇರಿ ಸಿಬ್ಬಂದಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ.

ಪ್ರಯಾಣ, ವಸತಿ

ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರಿಗೆ ಮುಂಚೆ 120 ದಿನವಿತ್ತು), ಆದ್ದರಿಂದ ಆ ದಿನಾಂಕವನ್ನು ಎಲ್ಲರಿಗೂ ನೆನಪಿಸಿರಿ. ಬೆಂಗಳೂರಿನಿಂದ ಬೈಕಿನಲ್ಲಿ ಬರುವವರಿದ್ದರೆ, ಹತ್ತು ಪಥದ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು ಎಂದು ಹೇಳಿರಿ. ವಿದೇಶದಿಂದ ಇಳಿಯುವವರಿಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನೇರವಾಗಿ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ವಸತಿಯನ್ನು ರೈಲು ನಿಲ್ದಾಣ, ಸರಸ್ವತಿಪುರ, ಜಯಲಕ್ಷ್ಮೀಪುರಗಳ ಆಸುಪಾಸಿನಲ್ಲಿ ನೋಡಿದರೆ ಕಾಲೇಜು ಹತ್ತಿರವಾಗುತ್ತದೆ. ಊರಿನಲ್ಲೇ ಇರುವ ಸಹಪಾಠಿಗಳ ಮನೆಗಳಲ್ಲಿ ಇಬ್ಬಿಬ್ಬರು ಉಳಿಯುವ ಏರ್ಪಾಡಾದರೆ ಇನ್ನೂ ಒಳ್ಳೆಯದು.

ಅಂಕಪಟ್ಟಿಯ ನಕಲು, ಟ್ರಾನ್ಸ್‌ಕ್ರಿಪ್ಟ್, ಘಟಿಕೋತ್ಸವ ಪ್ರಮಾಣಪತ್ರ ಮುಂತಾದ ಕೆಲಸವಿರುವವರು ಶುಕ್ರವಾರ ಬೆಳಿಗ್ಗೆಯೇ ಬಂದು ವಿಶ್ವವಿದ್ಯಾನಿಲಯದ ಪರೀಕ್ಷಾಂಗ ಕಚೇರಿಯಲ್ಲಿ ಮುಗಿಸಿಕೊಳ್ಳಬೇಕು. ನೋಂದಣಿ ಸಂಖ್ಯೆ, ತೇರ್ಗಡೆಯಾದ ತಿಂಗಳು ಮತ್ತು ವರ್ಷ, ಗುರುತಿನ ಚೀಟಿ ಕೈಯಲ್ಲಿರಲಿ. ಸಮ್ಮಿಲನದ ದಿನ ಕಾಲೇಜು ಕಚೇರಿಯವರಿಗೆ ಇಂಥ ಕೆಲಸ ಹೇಳುವುದು ಸರಿಯಲ್ಲ.

ಶನಿವಾರ

ಹತ್ತು ಗಂಟೆಗೆ ಎಲ್ಲರೂ ಸೇರುವಂತಿರಲಿ. ಎದೆಯ ಮೇಲಿನ ಹೆಸರಿನ ಚೀಟಿ ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ, ಕಾಲೇಜಿನ ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನೇ ಹೊತ್ತಿರಲಿ. ಅದರ ಕೆಳಗೆ ಊರು ಮತ್ತು ಐಚ್ಛಿಕ ವಿಷಯ. ಹುದ್ದೆ ಬೇಡ. ಹುದ್ದೆ ಬರೆದ ಕೂಡಲೇ ಜನ ಹುದ್ದೆಯ ಪ್ರಕಾರ ಗುಂಪು ಕಟ್ಟಿ ನಿಲ್ಲುವುದನ್ನು ನೋಡಿದ್ದೇನೆ.

ಮೊದಲ ಕಾರ್ಯಕ್ರಮ ತರಗತಿಯೇ ಆಗಲಿ. ನಾವು ಕೂರುತ್ತಿದ್ದ ಕೊಠಡಿಯಲ್ಲಿ ಹಳೆಯ ಸಾಲಿನಲ್ಲಿಯೇ ಕೂತು, ಗುರುಗಳೊಬ್ಬರು ಹಾಜರಿ ಕರೆದು, ಅರ್ಧ ಗಂಟೆ ನಿಜವಾದ ಪಾಠ ಹೇಳಬೇಕು. ಏನು ಹೇಳಬೇಕೆಂಬುದನ್ನು ಒಂದು ತಿಂಗಳು ಮುಂಚೆ ಅವರಿಗೇ ಬಿಡಿರಿ; ಎಷ್ಟೋ ಮೇಷ್ಟ್ರು ಇದಕ್ಕಾಗಿ ಮತ್ತೆ ಟಿಪ್ಪಣಿ ಮಾಡಿಕೊಂಡು ಬರುತ್ತಾರೆ. ಹಾಜರಿಯಲ್ಲಿ ಅಗಲಿದವರ ಹೆಸರನ್ನೂ ಅದೇ ಕ್ರಮದಲ್ಲಿ ಕರೆಯಬೇಕು, ಆಗ ಒಬ್ಬ ಗೆಳೆಯರು ಎದ್ದುನಿಂತು ಅವರ ಬಗ್ಗೆ ಎರಡು ವಾಕ್ಯ ಹೇಳಿದರೆ ಪ್ರತ್ಯೇಕ ಶ್ರದ್ಧಾಂಜಲಿ ಸಭೆಯ ಅಗತ್ಯವಿರುವುದಿಲ್ಲ. ಮನೆಯವರು ಬಂದಿದ್ದರೆ ಆ ಹೆಸರಿನ ಜಾಗದಲ್ಲಿ ಅವರು ಕೂರಲಿ.

ಆಮೇಲೆ ಕಟ್ಟಡವನ್ನು ಸುತ್ತಬೇಕು, ಈಗಿನ ವಿದ್ಯಾರ್ಥಿಗಳು ಜೊತೆಗಿರಬೇಕು. ಯಾವ ವಿಭಾಗ ಎಲ್ಲಿತ್ತು, 1960ರಲ್ಲಿ ಮಾನಸಗಂಗೋತ್ರಿ ಆರಂಭವಾದ ಮೇಲೆ ಸ್ನಾತಕೋತ್ತರ ವಿಭಾಗಗಳು ಅತ್ತ ಹೋಗಿ ಇಲ್ಲಿ ಏನು ಉಳಿಯಿತು, 1928ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾದ ಯುವರಾಜ ಕಾಲೇಜಿಗೂ ಇದಕ್ಕೂ ಇರುವ ನಂಟು ಏನು ಎಂಬುದನ್ನು ಬಲ್ಲವರೊಬ್ಬರು ನಡೆಯುತ್ತಲೇ ಹೇಳಲಿ. ಕುವೆಂಪು ಇಲ್ಲಿ ವಿದ್ಯಾರ್ಥಿಯಾಗಿ, ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದು, 1956ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮತ್ತು ಕಾದಂಬರಿಕಾರ ಆರ್.ಕೆ. ನಾರಾಯಣ್ ಇಲ್ಲಿ ಓದಿದವರು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್, ಎಂ. ಹಿರಿಯಣ್ಣನವರು ಸಂಸ್ಕೃತ ಮತ್ತು ದರ್ಶನ ಕಲಿಸಿದರು. ಚಾಮರಾಜನಗರ, ಮಂಡ್ಯದ ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದಿರುವ ಹುಡುಗ ಹುಡುಗಿಯರಿಗೆ ತಾವು ಕೂತಿರುವ ಬೆಂಚಿನ ಈ ಹಿನ್ನೆಲೆ ತಿಳಿಯುವುದು ಮುಖ್ಯವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಊಟದ ನಂತರದ ಎರಡು ಗಂಟೆಗಳನ್ನು ಆ ವಿದ್ಯಾರ್ಥಿಗಳಿಗೇ ಮೀಸಲಿಡಿರಿ. ವೇದಿಕೆಯ ಭಾಷಣ ಬೇಡ, ‘ನಮ್ಮ ಕಾಲದಲ್ಲಿ’ ಎಂಬ ಆರಂಭವಂತೂ ಬೇಡವೇ ಬೇಡ. ಐದಾರು ಕೊಠಡಿಗಳಲ್ಲಿ ಒಂದೊಂದು ವೃತ್ತಿಯ ಇಬ್ಬರು ಕೂತು, ಹದಿನೈದು ಇಪ್ಪತ್ತು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಲಿ: ಕೆಎಎಸ್ ಪರೀಕ್ಷೆಗೆ ಓದಿದ ಕ್ರಮ, ಬಿ.ಎಡ್. ನಂತರದ ದಾರಿ, ಕಾನೂನು, ಪತ್ರಿಕೋದ್ಯಮ, ಬ್ಯಾಂಕು, ಸ್ವಂತ ವ್ಯಾಪಾರ, ಬೇಸಾಯ. ಬಿ.ಎ. ಓದಿದರೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಸಂಬಳ, ಖರ್ಚು, ಸೋಲು ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಪ್ರತಿಯೊಬ್ಬರೂ ಒಬ್ಬಿಬ್ಬರು ವಿದ್ಯಾರ್ಥಿಗಳ ಅರ್ಜಿ, ಸಂದರ್ಶನ, ಇಂಟರ್ನ್‌ಶಿಪ್ ವಿಷಯದಲ್ಲಿ ಒಂದು ವರ್ಷ ಜೊತೆ ನಿಲ್ಲುವುದಾಗಿ ಒಪ್ಪಿಕೊಂಡರೆ, ಆ ಸಂಪರ್ಕವನ್ನು ಕಾಲೇಜಿನ ಉದ್ಯೋಗ ಮಾರ್ಗದರ್ಶನ ಘಟಕದ ಮೂಲಕವೇ ನಡೆಸಿರಿ.

ಗುರುವಂದನೆ ಸಂಜೆ ನಾಲ್ಕಕ್ಕೆ ಆರಂಭವಾಗಿ ಆರಕ್ಕೆ ಮುಗಿಯಬೇಕು. ಮುಖ್ಯ ಅತಿಥಿ, ಉದ್ಘಾಟಕರು, ಅಧ್ಯಕ್ಷರು ಎಂಬ ಸಾಲು ಅನಗತ್ಯ. ಪ್ರತಿ ಗುರುವಿನ ಬಗ್ಗೆ ಒಬ್ಬ ಶಿಷ್ಯರು ಮೂರು ನಿಮಿಷ ಮಾತನಾಡಲಿ, ಗುರುಗಳು ಎಷ್ಟು ಹೊತ್ತು ಮಾತನಾಡಿದರೂ ಯಾರೂ ಚೀಟಿ ಕಳುಹಿಸದಿರಲಿ. ರಾತ್ರಿಯ ಊಟ, ಹಾಡು, ಹರಟೆ ಬೇರೆ ಜಾಗದಲ್ಲಿ ನಡೆಯಲಿ. ಕುಡಿಯುವವರು ಅದನ್ನು ಕಾಲೇಜಿನಿಂದಲೂ ಈ ಊಟದಿಂದಲೂ ದೂರವಿಡಬೇಕು, ಇಲ್ಲದಿದ್ದರೆ ಮುಂದಿನ ಬಾರಿ ಅನೇಕರು, ವಿಶೇಷವಾಗಿ ಮಹಿಳೆಯರು, ಸಂಜೆಗೇ ಹೊರಟುಬಿಡುತ್ತಾರೆ.

ಭಾನುವಾರ

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ. ಮುಮ್ಮಡಿಯವರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಮಹಾರಾಜ, ಯುವರಾಜ, ಗಂಗೋತ್ರಿಗಳಲ್ಲಿ ಓದಿದ ಎಲ್ಲರ ನೆನಪಿನಲ್ಲಿಯೂ ಇರುತ್ತದೆ. ವೇಗದ ಅಂತರವಿರುವುದರಿಂದ ಇಬ್ಬಿಬ್ಬರಾಗಿ ನಡೆಯುವುದು ಸಹಜವಾಗುತ್ತದೆ, ಶನಿವಾರದ ಗದ್ದಲದಲ್ಲಿ ಆಡಲಾಗದ ಮಾತುಗಳು ಇಲ್ಲಿ ಬರುತ್ತವೆ. ತಿಂಡಿಗೆ ನಜರ್‌ಬಾದಿನ ಮೈಲಾರಿ ದೋಸೆಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಕಾಯಬೇಕಾಗುತ್ತದೆ, ಸಣ್ಣ ಗುಂಪುಗಳಾಗಿ ಹೋಗಿರಿ. ಹಾಸ್ಟೆಲಿನಲ್ಲಿದ್ದವರು ವಾರ್ಡನ್ನರ ಅನುಮತಿ ಪಡೆದು, ಅಲ್ಲಿನ ಹುಡುಗರಿಗೆ ತೊಂದರೆಯಾಗದಂತೆ ಹತ್ತು ಗಂಟೆಯ ಮೇಲೆ ಹೋಗಿಬರಬೇಕು. ಈಗ ಬೇರೊಬ್ಬರು ವಾಸವಿರುವ ಕೋಣೆಯ ಬಾಗಿಲನ್ನು ತಟ್ಟಿ ಕೇಳದೆ ಒಳಗೆ ಹೋಗಬಾರದು. ಮಕ್ಕಳು ಜೊತೆಗಿದ್ದರೆ ಮೃಗಾಲಯ, ರೈಲ್ವೆ ವಸ್ತುಸಂಗ್ರಹಾಲಯ ಇವೆ. ಭಾನುವಾರ ಸಂಜೆಯವರೆಗೆ ಉಳಿಯುವವರಿಗೆ ಅರಮನೆಯ ದೀಪಾಲಂಕಾರವೂ ಸಿಗುತ್ತದೆ.

ಹನ್ನೊಂದಕ್ಕೆ ಒಂದು ಸಣ್ಣ ಸಭೆ ಸೇರಿ ಕಾಲೇಜಿಗೆ ಏನು ಮಾಡಬೇಕೆಂದು ತೀರ್ಮಾನಿಸಿರಿ.

ಕಾಲೇಜಿಗೆ ಕೊಡುವುದು

ಏನು ಬೇಕೆಂದು ಮೊದಲು ಕೇಳಬೇಕು. ಕೇಳದೆ ಕೊಟ್ಟ ಗೋಡೆ ಗಡಿಯಾರ, ಕಲ್ಲಿನ ಬೆಂಚು, ದೊಡ್ಡ ಅಕ್ಷರದಲ್ಲಿ ಬ್ಯಾಚಿನ ಹೆಸರು ಕೆತ್ತಿಸಿದ ಕುಡಿಯುವ ನೀರಿನ ಯಂತ್ರ ಇವು ವರ್ಷದೊಳಗೆ ಕೆಟ್ಟು ನಿಂತಿರುವುದು ನಮ್ಮ ರಾಜ್ಯದ ಅನೇಕ ಕಾಲೇಜುಗಳಲ್ಲಿ ಕಾಣುವ ದೃಶ್ಯ. ಪ್ರಾಂಶುಪಾಲರು, ಗ್ರಂಥಪಾಲಕರು ಮತ್ತು ವಿದ್ಯಾರ್ಥಿನಿಯರ ಪ್ರತಿನಿಧಿ ಈ ಮೂವರಿಂದ ಪ್ರತ್ಯೇಕವಾಗಿ ಪಟ್ಟಿ ಪಡೆದರೆ ಶೌಚಾಲಯದ ದುರಸ್ತಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಬಡ ವಿದ್ಯಾರ್ಥಿಗಳ ಶುಲ್ಕದಂಥ ನಿಜವಾದ ಕೊರತೆಗಳು ಮೇಲೆ ಬರುತ್ತವೆ. ಯಂತ್ರವನ್ನೇ ಕೊಡುವುದಾದರೆ ಐದು ವರ್ಷದ ನಿರ್ವಹಣೆಯ ಹಣವನ್ನೂ ಸೇರಿಸಿಯೇ ಕೊಡಿರಿ.

ದತ್ತಿನಿಧಿ ಇಡುವಾಗ ಲೆಕ್ಕ ಸರಿಯಾಗಿರಬೇಕು. ಶೇಕಡಾ 7ರ ಬಡ್ಡಿ ಎಂದುಕೊಂಡರೆ 10,000 ರೂಪಾಯಿಯ ದತ್ತಿಯಿಂದ ವರ್ಷಕ್ಕೆ 700 ರೂಪಾಯಿ ಬರುತ್ತದೆ. ಅದನ್ನು ಬಹುಮಾನವಾಗಿ ಪಡೆದ ವಿದ್ಯಾರ್ಥಿ ಇಂದು ಒಂದೆರಡು ಪುಸ್ತಕ ಕೊಳ್ಳಬಹುದು ಅಷ್ಟೇ. 5 ಲಕ್ಷ ರೂಪಾಯಿ ಇಟ್ಟರೆ 35,000 ಬರುತ್ತದೆ, ಅದರಲ್ಲಿ 5,000ವನ್ನು ಮೂಲಧನಕ್ಕೆ ಸೇರಿಸುತ್ತ ಹೋಗುವ ಷರತ್ತು ಹಾಕಿದರೆ ಬೆಲೆಯೇರಿಕೆಯಲ್ಲಿ ಅದು ಪೂರ್ತಿ ಕರಗುವುದಿಲ್ಲ. ಅಷ್ಟು ಹಣ ಕೂಡಿಸಲಾಗದಿದ್ದರೆ ಪ್ರತಿವರ್ಷ ನೇರವಾಗಿ ಇಬ್ಬರ ಶುಲ್ಕ ಕಟ್ಟುವುದು ಹೆಚ್ಚು ಉಪಯುಕ್ತ.

ಹಣ ಯಾವ ಮೂಲಕ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಕಾಲೇಜಿಗೆ ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘವಿದ್ದರೆ ಹೊಸದನ್ನು ಹುಟ್ಟುಹಾಕದೆ ಅದರ ಸದಸ್ಯರಾಗಿರಿ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ಬೆಂಬಲದ ಮಾನದಂಡದಡಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕಗಳಿರುವುದರಿಂದ, ಸಭೆಯ ನಡಾವಳಿ, ಹಾಜರಿ ಪಟ್ಟಿ, ಕೊಡುಗೆಯ ರಸೀದಿಗಳ ಪ್ರತಿಯನ್ನು ಕಾಲೇಜಿಗೆ ಕೊಡುವುದು ಸಹ ಒಂದು ಸಹಾಯವೇ. ಸಂಘವಿಲ್ಲದಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಏಳು ಅಥವಾ ಹೆಚ್ಚಿನ ಜನ ಸೇರಿ ನೋಂದಾಯಿಸಬಹುದು, ಆದರೆ ಪ್ರತಿವರ್ಷ ಸಾಮಾನ್ಯ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸುವವರು ಇದ್ದರೆ ಮಾತ್ರ ಆ ಕೆಲಸಕ್ಕೆ ಕೈಹಾಕಿರಿ. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿ ಬೇಕಾದವರು 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬಾರದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ರಿಯಾಯಿತಿ ಇಲ್ಲ.

ಹೊರದೇಶದ ಸಹಪಾಠಿಗಳ ಹಣದ ವಿಷಯದಲ್ಲಿ ತಪ್ಪು ನಡೆಯುವುದು ಸುಲಭ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಯು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ವಂತಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿರುವವರು ಕೊಟ್ಟರೆ ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಯಲ್ಲಿ, ಅದನ್ನು ಪಡೆಯಬಹುದು. ಗೆಳೆಯರ ಸ್ವಂತ ಖಾತೆಗೆ ಕಳುಹಿಸಿ ಅಲ್ಲಿಂದ ಸಂಘಕ್ಕೆ ದಾಟಿಸುವ ಅಡ್ಡದಾರಿಯನ್ನು ಹಿಡಿಯಬಾರದು. ಮೊದಲೇ ಲೆಕ್ಕಪರಿಶೋಧಕರೊಬ್ಬರ ಸಲಹೆ ಪಡೆಯಿರಿ.

ಹಣವಿಲ್ಲದೆಯೂ ಕೊಡಬಹುದಾದ ಒಂದು ಅಮೂಲ್ಯ ವಸ್ತುವಿದೆ. ಬರುವ ಎಲ್ಲರಿಗೂ ತಮ್ಮಲ್ಲಿರುವ ಗುಂಪು ಚಿತ್ರ, ನಾಟಕದ ಕರಪತ್ರ, ಕಾಲೇಜು ಪತ್ರಿಕೆಯ ಸಂಚಿಕೆ, ಟಿಪ್ಪಣಿ ಪುಸ್ತಕ ತರಲು ಹೇಳಿರಿ. ಒಂದು ಕೊಠಡಿಯಲ್ಲಿ ಸ್ಕ್ಯಾನರ್ ಇಟ್ಟು 600 ಡಿಪಿಐ ಸ್ಪಷ್ಟತೆಯಲ್ಲಿ ಪ್ರತಿ ತೆಗೆದು, ಮೂಲವನ್ನು ಅವರವರಿಗೆ ಅಲ್ಲಿಯೇ ಹಿಂದಿರುಗಿಸಬೇಕು. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಆಗಲೇ ಬರೆಯಿಸಿರಿ. ಎಲ್ಲರೂ ಒಟ್ಟಿಗಿರುವ ಈ ಎರಡು ದಿನ ಬಿಟ್ಟರೆ ಆ ಹೆಸರುಗಳು ಮತ್ತೆ ಕೂಡಿಬರುವುದು ಕಷ್ಟ. ಗುರುಗಳ ಧ್ವನಿಮುದ್ರಣಗಳ ಜೊತೆ ಇದೆಲ್ಲದರ ಒಂದು ಪ್ರತಿ ಗ್ರಂಥಾಲಯಕ್ಕೆ ಲಿಖಿತ ಪಟ್ಟಿಯೊಡನೆ ಸೇರಲಿ, ಇನ್ನೊಂದು ಪ್ರತಿ ನಿಮ್ಮಲ್ಲಿ ಉಳಿಯಲಿ.

ಹಿಂದಿರುಗಿದ ಮೇಲೆ

ಹೊರಡುವ ಮುನ್ನ ಬಳಸಿದ ಕೊಠಡಿಗಳ ಬೆಂಚುಗಳನ್ನು ಮೊದಲಿದ್ದಂತೆ ಜೋಡಿಸಿ, ಗುಡಿಸಿ, ಕೀಲಿ ಒಪ್ಪಿಸಿ, ಅಂದು ಹೆಚ್ಚು ಹೊತ್ತು ದುಡಿದ ಸಿಬ್ಬಂದಿಗೆ ಊಟ ಮತ್ತು ಸಂಭಾವನೆ ತಲುಪಿದೆಯೇ ಎಂದು ಖಜಾಂಚಿ ಸ್ವತಃ ನೋಡಬೇಕು. ಹದಿನೈದು ದಿನದೊಳಗೆ ಜಮಾ ಖರ್ಚಿನ ವಿವರ ರಸೀದಿಗಳ ಸಮೇತ ಎಲ್ಲರಿಗೂ ಹೋಗಲಿ. ಗುರುಗಳಿಗೆ ಅವರ ಚಿತ್ರಗಳನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸಿರಿ. ಫೋನಿನಲ್ಲಿ ಕಳುಹಿಸಿದ ಚಿತ್ರವನ್ನು ತೆರೆದು ನೋಡಲು ಅವರಲ್ಲಿ ಹಲವರಿಗೆ ಆಗುವುದಿಲ್ಲ. ವಿದ್ಯಾರ್ಥಿಗಳಿಗೆ ಕೊಟ್ಟ ಮಾತಿನ ಪಟ್ಟಿಯನ್ನು ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ವಿಚಾರಿಸುವ ಒಬ್ಬರನ್ನು ನೇಮಿಸಿರಿ. ವಿಳಾಸ ಪಟ್ಟಿಯ ಹೊಣೆಯನ್ನು ಮೈಸೂರಿನಲ್ಲಿಯೇ ಇರುವ ಇಬ್ಬರು ವಹಿಸಿಕೊಂಡು, ಯಾರಾದರೂ ಮನೆ ಬದಲಿಸಿದಾಗ, ಸಂಖ್ಯೆ ಬದಲಾದಾಗ, ಈ ಬಾರಿ ಸಿಗದವರ ಸುಳಿವು ದೊರೆತಾಗ ಆಗಿಂದಾಗಲೇ ತಿದ್ದುತ್ತಿರಬೇಕು.